ಉಗ್ರಾಣದ ಕೀಲಿ ಹಿಡಿದ ಅಡ್ಮಿರಲ್ಲನ ಬೆನ್ನು ಹತ್ತಿ ನಾಲ್ಕು ದಿನ

ಮೊದಲ ದಿನ: ಕ್ಯಾಲ್ಟನ್ ಗುಡ್ಡ, ಎಡಿನ್‌ಬರ್ಗ್

ನಮ್ಮೂರು ಶ್ರೀರಂಗಪಟ್ಟಣ. ಬೇಲಿ ಸಾಹೇಬನ ಬಂದೀಖಾನೆಯ ಕಮಾನುಗಳ ಕೆಳಗೆ ಕಣ್ಣಾಮುಚ್ಚಾಲೆ ಆಡಿ ಬೆಳೆದವನು ನಾನು. ಸ್ಕಾಟ್‌ಲೆಂಡ್ ಅಂದ ಕೂಡಲೇ ಬೇರೆಯವರಿಗೆ ವಿಸ್ಕಿ ನೆನಪಾದರೆ ನನಗೆ ಡೇವಿಡ್ ಬೇರ್ಡ್ ನೆನಪಾಗುತ್ತಾನೆ. 1780ರಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಹೈದರನ ಕೈಗೆ ಸಿಕ್ಕಿ, ನಮ್ಮೂರಿನಲ್ಲಿ ಮೂರೂವರೆ ವರ್ಷ ಸೆರೆಯಲ್ಲಿದ್ದವನು. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ದಂಡಿನ ಮುಂದಾಳು. ಕೈದಿಗಳನ್ನು ಇಬ್ಬಿಬ್ಬರನ್ನಾಗಿ ಸರಪಳಿಯಲ್ಲಿ ಬಿಗಿದಿದ್ದಾರೆ ಅಂತ ಸುದ್ದಿ ಬಂದಾಗ ಅವನ ತಾಯಿ, "ಅಯ್ಯೋ ಪಾಪ, ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಗತಿ ಏನೋ" ಅಂದಳಂತೆ.

ಮಗನ ಮನೆಗೆ ಬಂದು ಎಂಟು ದಿನ ಆಗಿತ್ತು. ಬೇರ್ಡ್ ಬಗ್ಗೆ ಓದುತ್ತಾ ಕೂತಿದ್ದೆ. ನಮ್ಮೂರು ಬಿದ್ದ ಎರಡು ವರ್ಷಕ್ಕೆ, 1801ರಲ್ಲಿ, ಅವನು ಬೊಂಬಾಯಿಯಿಂದ ಸಿಪಾಯಿಗಳನ್ನು ಹಡಗು ಹತ್ತಿಸಿಕೊಂಡು ಕೆಂಪು ಸಮುದ್ರ ದಾಟಿ, ಮರಳುಗಾಡು ದಾಟಿ, ನೈಲ್ ನದಿಗುಂಟ ಇಳಿದು ಈಜಿಪ್ಟಿನಲ್ಲಿ ಫ್ರೆಂಚರ ಮೇಲೆ ಹೋದ. ಆ ಕಡೆ ಮೆಡಿಟರೇನಿಯನ್ ಸಮುದ್ರದಲ್ಲಿ ಇಂಗ್ಲಿಷರ ನೌಕಾಪಡೆ ಯಾರ ಕೈಯಲ್ಲಿತ್ತು ಅಂತ ನೋಡಿದರೆ ಲಾರ್ಡ್ ಕೀತ್. ಮೂಲ ಹೆಸರು ಜಾರ್ಜ್ ಕೀತ್ ಎಲ್ಫಿನ್‌ಸ್ಟನ್. ಲಾರ್ಡ್ ಎಲ್ಫಿನ್‌ಸ್ಟನ್ ಮನೆತನದ ಐದನೇ ಮಗ.

ಅಲ್ಲಿಂದ ಒಂದು ವಿಚಿತ್ರ ಶುರುವಾಯಿತು. ಇಂಗ್ಲಿಷರ ಹೆಸರಾಂತ ಅಡ್ಮಿರಲ್ ನೆಲ್ಸನ್ ಬಗ್ಗೆ ಓದಿದರೆ ಅಲ್ಲಿ ಈ ಕೀತ್. ಅದೇ ನೌಕಾಪಡೆಯ ಕ್ಯಾಪ್ಟನ್ ಕಾಕ್ರನ್ ಬಗ್ಗೆ ಓದಿದರೆ ಅಲ್ಲೂ ಕೀತ್. ನೆಪೋಲಿಯನ್ ಶರಣಾದ ಕಥೆಗೆ ಹೋದರೆ ಅಲ್ಲೂ ಬಾಗಿಲಲ್ಲಿ ಇವನೇ ನಿಂತಿದ್ದಾನೆ. ಆದರೆ ಪುಸ್ತಕದ ಮುಖಪುಟದ ಮೇಲೆ ಎಲ್ಲೂ ಇಲ್ಲ. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಮಾವ ಒಬ್ಬರು ಇರುತ್ತಾರಲ್ಲ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು? ಬೆಲ್ಲ ಎಷ್ಟು, ತುಪ್ಪ ಎಷ್ಟು, ಯಾರ ಕೈಗೆ ಎಷ್ಟು ಹೋಯಿತು ಎಲ್ಲಾ ಅವರಿಗೆ ಗೊತ್ತು. ಫೋಟೋದಲ್ಲಿ ಮಾತ್ರ ಇರಲ್ಲ. ಖಜಾನೆ ಇಲಾಖೆಯಲ್ಲಿ 34 ವರ್ಷ ಕೂತು ಬಂದ ನನಗೆ ಆ ಜಾತಿಯ ಜನ ಅಂದರೆ ಒಂಚೂರು ಪ್ರೀತಿ ಜಾಸ್ತಿ. ಅವನ ಊರುಗಳನ್ನು ನೋಡಿಬರೋಣ ಅಂದೆ. "ರೀ, ಎಲ್ಲರೂ ಸರೋವರದ ಭೂತ ನೆಸ್ಸಿ ನೋಡೋಕೆ ಹೋಗ್ತಾರೆ, ನೀವು ಯಾರೋ ಸತ್ತವನನ್ನ ಹುಡುಕ್ತೀರ" ಅಂದಳು ನನ್ನವಳು. ಬಂದಳು ಮಾತ್ರ.

ಮೊದಲು ಹತ್ತಿದ್ದು ಕ್ಯಾಲ್ಟನ್ ಗುಡ್ಡ. ಅದರ ಮೇಲೆ ನೆಲ್ಸನ್ ಸ್ಮಾರಕ, ದೂರದರ್ಶಕವನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ. ಒಳಗೆ ಸುತ್ತಿಕೊಂಡು ಹೋಗುವ 143 ಮೆಟ್ಟಿಲು. ತುದಿಯ ಕಂಬದಲ್ಲಿ ಒಂದು ದೊಡ್ಡ ಚೆಂಡು. ಸರಿಯಾಗಿ ಒಂದು ಗಂಟೆಗೆ ಅದು ಕೆಳಗೆ ಜಾರುತ್ತದೆ, ಆ ಕಡೆ ಕೋಟೆಯಿಂದ ಫಿರಂಗಿ ಹಾರುತ್ತದೆ. ಲೀತ್ ಬಂದರಿನ ಹಡಗುಗಳು ಗಡಿಯಾರ ಸರಿ ಮಾಡಿಕೊಳ್ಳಲಿ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಮಾಡಿದ ಏರ್ಪಾಡು. ಫಿರಂಗಿ ಶಬ್ದಕ್ಕೆ ನನ್ನವಳು ಬೆಚ್ಚಿ ನನ್ನ ತೋಳು ಹಿಡಿದಳು. ಪಕ್ಕದಲ್ಲಿದ್ದ ಅಜ್ಜಿ ನಕ್ಕರು.

ಈ ನೆಲ್ಸನ್ ಸ್ಕಾಟ್‌ಲೆಂಡಿನವನಲ್ಲ. ಆದರೂ ಅವನಿಗೆ ಗುಡ್ಡದ ನೆತ್ತಿ ಸಿಕ್ಕಿತು. 1799ರ ಬೇಸಿಗೆಯಲ್ಲಿ ಇವನ ಮೇಲಧಿಕಾರಿ ಕೀತ್. ಫ್ರೆಂಚ್ ಹಡಗುಪಡೆ ಮೆಡಿಟರೇನಿಯನ್‌ಗೆ ನುಗ್ಗಿತ್ತು. ಮಿನೋರ್ಕ ದ್ವೀಪ ಕಾಯಲು ಹಡಗು ಕಳಿಸು ಅಂತ ಕೀತ್ ಬರೆದ. ನೇಪಲ್ಸ್‌ನಲ್ಲಿದ್ದ ನೆಲ್ಸನ್ ಆಗಲ್ಲ ಅಂದ. ಮತ್ತೆ ಬರೆದ. ಮತ್ತೆ ಆಗಲ್ಲ. ಲಂಡನ್ನಿನ ನೌಕಾ ಕಚೇರಿ ನೆಲ್ಸನ್‌ಗೆ ಛೀಮಾರಿ ಹಾಕಿತು, ಅಷ್ಟೇ. ಮಾತು ಕೇಳದವನಿಗೆ ಸ್ಮಾರಕ, ಮತ್ತೆ ಮತ್ತೆ ಕಾಗದ ಬರೆದವನಿಗೆ ಏನೂ ಇಲ್ಲ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ ಬಿಡಿ.

ಎರಡನೇ ದಿನ: ಅನಾನಸು, ಮತ್ತೊಂದು ಪಾಳು ಗೋಪುರ

ಮಗ ರಜೆ ಹಾಕಿ ಕಾರು ತಂದ. ಪಶ್ಚಿಮಕ್ಕೆ ಒಂದು ಗಂಟೆ ದಾರಿ, ಫಾಲ್ಕರ್ಕ್ ದಾಟಿ ಏರ್ತ್ ಅನ್ನುವ ಹಳ್ಳಿ. ಫೋರ್ತ್ ನದಿ ಇಲ್ಲಿ ಸಮುದ್ರವೂ ಅಲ್ಲದ, ಹೊಳೆಯೂ ಅಲ್ಲದ ಅಗಲಕ್ಕೆ ಬಂದಿರುತ್ತದೆ. ಇಳಿತದ ಹೊತ್ತು. ಎರಡೂ ದಡದಲ್ಲಿ ಬೂದು ಕೆಸರು, ಅದರ ಮೇಲೆ ಹಕ್ಕಿಗಳು.

ಜನ ಇಲ್ಲಿಗೆ ಬರುವುದು ಡನ್‌ಮೋರ್ ಪೈನಾಪಲ್ ನೋಡಲು. ತೋಟದ ಗೋಡೆಯ ನಡುವೆ ಒಂದು ಮಂಟಪ, ಅದರ ತಲೆಯ ಮೇಲೆ ಕಲ್ಲಿನ ದೊಡ್ಡ ಅನಾನಸು ಹಣ್ಣು. ಬಾಗಿಲ ಕಮಾನಿನ ಮೇಲೆ 1761 ಅಂತ ಕೆತ್ತಿದೆ. ಆ ಕಾಲಕ್ಕೆ ಈ ಚಳಿಯಲ್ಲಿ ಅನಾನಸು ಬೆಳೆಯುವುದು ಅಂದರೆ ದುಡ್ಡಿನ ದೌಲತ್ತು. ಗೋಡೆಯೊಳಗೆ ಬೆಂಕಿಯ ಬಿಸಿ ಹರಿಸಿ ಗಾಜಿನ ಮನೆ ಕಾಯಿಸುತ್ತಿದ್ದರು. ಕಲ್ಲಿನ ಎಲೆಗಳನ್ನು ಹತ್ತಿರದಿಂದ ನೋಡಿ: ಪ್ರತಿಯೊಂದು ಎಲೆಯಲ್ಲೂ ಮಳೆ ನೀರು ನಿಲ್ಲದೆ ಹರಿದುಹೋಗುವಂತೆ ಬೇರೆ ಬೇರೆ ದಾರಿ ಮಾಡಿದ್ದಾರೆ. ನೀರು ನಿಂತು ಹೆಪ್ಪುಗಟ್ಟಿದರೆ ಕಲ್ಲು ಸೀಳುತ್ತದಲ್ಲ, ಅದಕ್ಕೆ. ಇನ್ನೂರು ವರ್ಷ ದಾಟಿದರೂ ಹಣ್ಣು ಗಟ್ಟಿಯಾಗಿದೆ. "ನಮ್ಮ ಬನವಾಸಿ ಕಡೆಯವರು ನೋಡಿದರೆ ನಗ್ತಾರೆ, ಅಲ್ವಾ" ಅಂದಳು ಇವಳು.

ನಾನು ಹುಡುಕಿ ಬಂದದ್ದು ಕಾಡಿನ ಒಳಗಿತ್ತು. ಎಲ್ಫಿನ್‌ಸ್ಟನ್ ಗೋಪುರ. ಅನಾನಸಿನಿಂದ ಕಾಲುದಾರಿ. ಹಿಂದಿನ ರಾತ್ರಿಯ ಮಳೆಗೆ ಕೆಸರು. ಮಗನ ಬಿಳಿ ಶೂ ನೋಡುವ ಹಾಗಿರಲಿಲ್ಲ. ಗೋಪುರ ಈಗ ಪಾಳು. ಮೈತುಂಬ ಬಳ್ಳಿ, ಕಿಟಕಿಯ ತೂತಿನಿಂದ ಮರ ಹೊರಗೆ ಬಂದಿದೆ. ಕಲ್ಲು ಉದುರುವ ಹಾಗಿತ್ತು, ಒಳಗೆ ಹೋಗಲಿಲ್ಲ. 1746ರ ಜನವರಿ 7ರಂದು ನಮ್ಮ ಕೀತ್ ಹುಟ್ಟಿದ್ದು ಇಲ್ಲಿ.

ಆ ತಾರೀಕು ಸ್ವಲ್ಪ ಗಮನಿಸಿ. ಸ್ಟುವರ್ಟ್ ರಾಜಕುಮಾರ ಚಾರ್ಲ್ಸ್ ಪಟ್ಟಕ್ಕಾಗಿ ದಂಡೆತ್ತಿ ಬಂದಿದ್ದ ಚಳಿಗಾಲ ಅದು. ಮಗು ಹುಟ್ಟಿ ಹತ್ತು ದಿನಕ್ಕೆ, ಜನವರಿ 17ರಂದು, ಇದೇ ಫಾಲ್ಕರ್ಕ್ ಬಯಲಲ್ಲಿ ಯುದ್ಧ. ಬಾಣಂತಿ ಕೋಣೆಯ ಕಷ್ಟ ಯೋಚಿಸಿ. ತಾಯಿ ಲೇಡಿ ಕ್ಲೆಮೆಂಟಿನಾಳ ಸೋದರಮಾವ, ಅರ್ಲ್ ಮಾರಿಷಲ್ ಅನ್ನುವ ಮನೆತನದ ಪದವಿ ಹೊತ್ತ ಜಾರ್ಜ್ ಕೀತ್, ಆಗಲೇ ಅದೇ ಸ್ಟುವರ್ಟ್ ಪಕ್ಷ ಹಿಡಿದು, ಆಸ್ತಿ ಕಳೆದುಕೊಂಡು ದೇಶಾಂತರ ಹೋಗಿದ್ದ. ಇನ್ನೊಬ್ಬ ಮಾವ ಜೇಮ್ಸ್ ಕೀತ್ ಮುಂದೆ ಪ್ರಷ್ಯದ ಫ್ರೆಡರಿಕ್ ರಾಜನ ಫೀಲ್ಡ್ ಮಾರ್ಷಲ್ ಆಗಿ, 1758ರಲ್ಲಿ ಹೋಖ್‌ಕಿರ್ಕ್ ಯುದ್ಧದಲ್ಲಿ ಸತ್ತ. ಹೀಗೆ ಒಂದು ಕಡೆ ಬಂಡಾಯದ ರಕ್ತ, ಇನ್ನೊಂದು ಕಡೆ ಖಾಲಿ ಪೆಟ್ಟಿಗೆ. ಹುಡುಗನಿಗೆ ಎಂಟು ವರ್ಷ ಆಗುವ ಹೊತ್ತಿಗೆ, 1754ರಲ್ಲಿ, ಈ ಜಮೀನು ಡನ್‌ಮೋರ್ ಅರ್ಲ್ ಕೈಗೆ ಮಾರಾಟವಾಯಿತು. ಅನಾನಸು ಕಟ್ಟಿಸಿದ್ದು ಕೊಂಡವರು. ಹುಟ್ಟಿದ ಮನೆ ಕೈಬಿಟ್ಟ ಮೇಲೆ ಅದರ ಅಂಗಳದಲ್ಲಿ ಇನ್ನೊಬ್ಬರ ದೌಲತ್ತು ಎದ್ದಿತು.

ಹಿರಿಯ ಮಗನಿಗೆ ಪಟ್ಟ. ಐದನೆಯವನಿಗೆ ಏನು ಉಳಿದಿರುತ್ತೆ? ಸಮುದ್ರ. 1761ರಲ್ಲಿ, ಅನಾನಸಿನ ವರ್ಷವೇ, ಹುಡುಗ ನೌಕಾಪಡೆ ಸೇರಿದ. ಮೊದಲ ಕ್ಯಾಪ್ಟನ್ ಜಾನ್ ಜರ್ವಿಸ್. ಮುಂದೆ ಅರ್ಲ್ ಸೇಂಟ್ ವಿನ್ಸೆಂಟ್ ಆದ ಜರ್ವಿಸ್ ಅವನೇ. ಯುದ್ಧ ಮುಗಿದು ಕೆಲಸ ಇಲ್ಲದಾಗ ಹುಡುಗ ಸುಮ್ನೆ ಕೂರಲಿಲ್ಲ. 1767ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿ ಪೂರ್ವಕ್ಕೆ ಹೊರಟ. ಬಂಧುವೊಬ್ಬರು ಕೊಟ್ಟ 2,000 ಪೌಂಡ್ ಸಾಲವನ್ನು ಸ್ವಂತ ವ್ಯಾಪಾರಕ್ಕೆ ಹೂಡಿದ. ವಾಪಸ್ ಬರುವಾಗ ಅವನ ಸಿರಿತನಕ್ಕೆ ಅಡಿಪಾಯ ಬಿದ್ದಿತ್ತು. ಅವನ ಪೂರ್ತಿ ಜೀವನಕ್ಕೆ ಇದೇ ಬೀಜ ಅನಿಸುತ್ತದೆ ನನಗೆ. ಬೇರೆಯವರು ಕೀರ್ತಿ ಎಣಿಸಿದರು, ಇವನು ಕಾಸು ಎಣಿಸಿದ.

"ಎಲ್ಫಿನ್‌ಸ್ಟನ್ ಅಂದ್ರೆ ನಮ್ಮ ಅಕ್ಕನ ಮನೆ ಹತ್ರದ ರೈಲ್ವೆ ಸ್ಟೇಷನ್ ಅಲ್ವಾ?" ಅಂತ ಕೇಳಿದಳು ಇವಳು. ಸರಿಯಾಗಿಯೇ ಹಿಡಿದಳು. ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್, 2018ರಿಂದ ಪ್ರಭಾದೇವಿ. ಆ ಹೆಸರು ಬಂದದ್ದು ಕೀತ್‌ನ ಅಣ್ಣನ ಮೊಮ್ಮಗನಿಂದ. ಅವನು ಬೊಂಬಾಯಿ ಗವರ್ನರ್ ಆಗಿದ್ದ. ಕಾಲೇಜಿಗೆ ಹೆಸರು ಕೊಟ್ಟವನು ಅಣ್ಣನ ಮಗ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್, ಅವನೂ ಗವರ್ನರ್. ಆಗ ನನಗೆ ಇನ್ನೊಂದು ಹೊಳೆಯಿತು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ದತ್ತಕದ ವಿಷಯಕ್ಕೆ ಯಾರಿಗೆ ಮನವಿ ಬರೆದಳು? ಬೊಂಬಾಯಿ ಗವರ್ನರಿಗೆ. ಇದೇ ಮೌಂಟ್‌ಸ್ಟುವರ್ಟ್‌ಗೆ. ಆ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಸತ್ತುಬಿದ್ದ. ಈ ಕೆಸರಿನ ದಡದ ಪಾಳು ಮನೆಗೂ ಕಿತ್ತೂರಿಗೂ ಒಂದು ದಾರ ಎಳೆದ ಹಾಗಾಯಿತು. ಮಗ ಮಾತ್ರ ಶೂ ಒರೆಸುತ್ತಿದ್ದ.

ಮೂರನೇ ದಿನ: ಕುರಸ್, ಕಿಂಕಾರ್ಡಿನ್

ಈ ದಿನ ನಾವಿಬ್ಬರೇ, ಬಸ್ಸಿನಲ್ಲಿ. ಡನ್‌ಫರ್ಮ್‌ಲಿನ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಮೊದಲನೆಯದು ತಡವಾಗಿ ಎರಡನೆಯದು ನಮ್ಮ ಕಣ್ಣೆದುರೇ ಹೋಯಿತು. ಮುಂದಿನದು ಒಂದು ಗಂಟೆ ಬಿಟ್ಟು. ಸ್ಟಾಂಡಿನ ಬೆಂಚಿನಲ್ಲಿ ಕೂತು ಪುಳಿಯೋಗರೆ ಮುಗಿಸಿದೆವು. ಹನ್ನೊಂದಕ್ಕೇ ಊಟ ಆಗಿಹೋಯಿತು.

ಕುರಸ್ ಹಳ್ಳಿ ಹದಿನೇಳನೇ ಶತಮಾನದಲ್ಲೇ ನಿಂತುಬಿಟ್ಟಿದೆ. ಅರಿಶಿನ ಬಣ್ಣದ ಅರಮನೆ, ಕೆಂಪು ಹೆಂಚು, ಉರುಟು ಕಲ್ಲು ಹಾಸಿದ ಏರುದಾರಿ. ದಾರಿಯ ನಡುಮಧ್ಯೆ ಕಲ್ಲು ಸ್ವಲ್ಪ ಎತ್ತರ. ದೊಡ್ಡ ಮನುಷ್ಯರು ಅದರ ಮೇಲೆ ನಡೆಯುವುದು, ಉಳಿದವರು ಅಂಚಿನ ಕೊಚ್ಚೆಯಲ್ಲಿ. ನಾವಿಬ್ಬರೂ ನಡುಮಧ್ಯದಲ್ಲೇ ನಡೆದೆವು. ನನ್ನವಳಿಗೆ ಹಿಡಿಸಿದ್ದು ಬೇರೆ ವಿಷಯ. ಈ ಊರಿನ ಕಮ್ಮಾರರು ಕಬ್ಬಿಣದ ಕಾವಲಿಗೆ ಹೆಸರುವಾಸಿ. ಓಟ್ಸ್ ರೊಟ್ಟಿ ಸುಡುವ ದುಂಡನೆ ಚಪ್ಪಟೆ ಕಾವಲಿ, ಮೇಲೆ ಬಾಗಿದ ಹಿಡಿ. 1599ರಲ್ಲಿ ಆರನೇ ಜೇಮ್ಸ್ ರಾಜನೇ ಇವರಿಗೆ ಅದರ ಹಕ್ಕು ಬರೆದುಕೊಟ್ಟಿದ್ದ. "ಇದರಲ್ಲಿ ದೋಸೆ ಏಳುತ್ತೆ ನೋಡಿ, ಈ ಗಾತ್ರಕ್ಕೆ" ಅಂತ ಗೇಣು ಹಾಕಿ ತೋರಿಸಿದಳು.

ಟೌನ್ ಹೌಸ್ ಹತ್ತಿರ ಥಾಮಸ್ ಕಾಕ್ರನ್‌ನ ಅರ್ಧ ಪ್ರತಿಮೆ ಇದೆ. ಡಂಡೊನಾಲ್ಡ್ ಅರ್ಲ್ ಮನೆತನದವನು. ಈ ಊರಿನಲ್ಲಿ ಬೆಳೆದವನು. ಅಪ್ಪ ಒಂಬತ್ತನೇ ಅರ್ಲ್ ಕಲ್ಲಿದ್ದಲಿನಿಂದ ಟಾರು ತೆಗೆಯುವ ವಿದ್ಯೆ ಕಂಡುಹಿಡಿದು 1781ರಲ್ಲಿ ಪೇಟೆಂಟ್ ಮಾಡಿಸಿದ. ಹಡಗಿನ ತಳಕ್ಕೆ ಬಳಿದರೆ ಹುಳು ತಿನ್ನಲ್ಲ ಅಂತ ಲೆಕ್ಕ. ನೌಕಾ ಕಚೇರಿ ಬೇಡ ಅಂದಿತು, ತಾಮ್ರದ ತಗಡು ಹೊಡೆಸಿತು. ಮನೆ ಮುಳುಗಿತು. ಇಂಥ ಮನೆಯಿಂದ ಹೋದ ಹುಡುಗ ಕೀತ್‌ನ ಹಡಗಿನಲ್ಲಿ ಲೆಫ್ಟಿನೆಂಟ್. ಬಾಯಿ ಜೋರು. ಮೇಲಿನ ಲೆಫ್ಟಿನೆಂಟಿಗೆ ಎದುರು ಮಾತಾಡಿ ಕೋರ್ಟ್ ಮಾರ್ಷಲ್ ಆಯಿತು. ತಪ್ಪು ಸಾಬೀತಾಗಲಿಲ್ಲ, ನಾಲಗೆ ಬಿಗಿಹಿಡಿ ಅಂತ ಬುದ್ಧಿ ಹೇಳಿಸಿಕೊಂಡ. ಆದರೂ 1800ರಲ್ಲಿ ಕೀತ್ ಅವನಿಗೇ ಸ್ಪೀಡಿ ಅನ್ನುವ ಪುಟ್ಟ ಹಡಗು ಕೊಟ್ಟ. 14 ಫಿರಂಗಿ, ಒಂದೊಂದರ ಗುಂಡು ನಾಲ್ಕು ಪೌಂಡ್. ಹಡಗಿನ ಒಂದು ಸುತ್ತಿನ ಗುಂಡುಗಳನ್ನೆಲ್ಲ ಜೇಬಿಗೆ ಹಾಕಿಕೊಂಡು ಓಡಾಡಬಹುದಿತ್ತು ಅಂತ ಕಾಕ್ರನ್ ತಾನೇ ಬರೆದುಕೊಂಡಿದ್ದಾನೆ. ಆ ಚಿಪ್ಪಿನಲ್ಲಿ 54 ಜನ ಇಟ್ಟುಕೊಂಡು 1801ರ ಮೇ 6ರಂದು 319 ಜನರ ಸ್ಪ್ಯಾನಿಷ್ ಹಡಗು ಎಲ್ ಗಾಮೋ ಹಿಡಿದ. ಡಾಕ್ಟರನ್ನು ಚುಕ್ಕಾಣಿಗೆ ನಿಲ್ಲಿಸಿ ಉಳಿದವರೆಲ್ಲ ಆ ಹಡಗಿಗೆ ಹಾರಿದರಂತೆ. ಹದಿಮೂರು ತಿಂಗಳಲ್ಲಿ 50ಕ್ಕೂ ಹೆಚ್ಚು ಹಡಗು ಹಿಡಿದ.

ಈಗ ಉಗ್ರಾಣದ ಲೆಕ್ಕ. ಹಿಡಿದ ಹಡಗನ್ನು ಸರಕಿನ ಸಮೇತ ಮಾರಿ ಬಂದ ದುಡ್ಡನ್ನು ಪಾಲು ಹಾಕುತ್ತಿದ್ದರು. ಕ್ಯಾಪ್ಟನ್‌ಗೆ ಇಷ್ಟು, ಅಧಿಕಾರಿಗಳಿಗೆ ಇಷ್ಟು, ನಾವಿಕರಿಗೆ ಉಳಿದದ್ದು. ಆ ಪ್ರದೇಶದ ಅಡ್ಮಿರಲ್ಲನಿಗೆ ಎಂಟರಲ್ಲಿ ಒಂದು ಪಾಲು, ಅವನು ಅಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಕಾಕ್ರನ್ ಪ್ರಾಣ ಪಣಕ್ಕಿಟ್ಟು ಹಿಡಿದ ಪ್ರತಿ ಹಡಗಿನಲ್ಲೂ ಕೀತ್‌ಗೆ ಒಂದು ತುಂಡು ಹೋಯಿತು. ಅನ್ಯಾಯ ಅನಿಸುತ್ತದೆ. ಆದರೆ ಆ ಬಾಯಿಬಡುಕನಿಗೆ ಹಡಗು ಕೊಟ್ಟವನು ಕೀತ್ ಅನ್ನುವುದೂ ನಿಜ. ಯಾರಿಗೆ ಯಾವ ಪಾತ್ರೆ ಕೊಡಬೇಕು ಅಂತ ಉಗ್ರಾಣದವನಿಗೆ ಗೊತ್ತಿರಬೇಕು ತಾನೇ.

ಹೊಳೆದಂಡೆಯ ಕಲ್ಲಿನ ಮೇಲೆ ಕೂತಾಗ ಇನ್ನೊಂದು ಸಂಗತಿ ಇವಳಿಗೆ ಹೇಳಿದೆ. 1800ರ ಮಾರ್ಚ್ 17. ಕೀತ್‌ನ ಹಡಗು ಕ್ವೀನ್ ಷಾರ್ಲೆಟ್ ಇಟಲಿಯ ಲಿವೊರ್ನೊ ಬಂದರಿನಾಚೆ. ಅವನು ಕೆಲಸದ ಮೇಲೆ ದಡದಲ್ಲಿದ್ದ. ಬೆಳಿಗ್ಗೆ ಹಡಗಿನಲ್ಲಿ ದನಕ್ಕೆಂದು ಪೇರಿಸಿದ್ದ ಹುಲ್ಲಿಗೆ ಕಿಡಿ ತಾಗಿತು. ಹಾಯಿ ಹಿಡಿಯಿತು, ಹಗ್ಗ ಹಿಡಿಯಿತು. ದಡದಿಂದ ದೋಣಿಗಳು ಹೊರಟವು, ಆದರೆ ಹತ್ತಿರ ಹೋಗಲು ಹೆದರಿದವು. ತುಂಬಿಟ್ಟಿದ್ದ ಫಿರಂಗಿಗಳು ಕಾವಿಗೆ ತಾವಾಗಿಯೇ ಹಾರುತ್ತಿದ್ದವು. ಸುಮಾರು 670 ಜನ ಸತ್ತರು. ಕೀತ್ ದಡದಲ್ಲಿ ನಿಂತು ನೋಡಿದ. ಕಾಕ್ರನ್ ಕೂಡ ಅದೇ ಹಡಗಿನವನು. ಅದಕ್ಕೆ ಸ್ವಲ್ಪ ಮುಂಚೆ ಹಿಡಿದಿದ್ದ ಫ್ರೆಂಚ್ ಹಡಗೊಂದನ್ನು ಮಿನೋರ್ಕಕ್ಕೆ ತಲುಪಿಸಲು ಅವನನ್ನು ಕಳಿಸಿದ್ದರು, ಅದಕ್ಕೇ ಬದುಕಿದ. ಇವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನೀರು ನೋಡುತ್ತಾ ಇದ್ದಳು.

ಅಲ್ಲಿಂದ ಕಿಂಕಾರ್ಡಿನ್ ಬಸ್ಸಿನಲ್ಲಿ ಹತ್ತಿಪ್ಪತ್ತು ನಿಮಿಷ. ಒಂದು ಕಾಲಕ್ಕೆ ಹಡಗು ಕಟ್ಟುತ್ತಿದ್ದ ಊರು. ಈಗ 1936ರ ಸೇತುವೆಯ ಮೇಲೆ ಲಾರಿ ಸದ್ದು. ಊರಿನ ಪಕ್ಕದಲ್ಲೇ ಟುಲ್ಲಿಯಾಲನ್ ಕ್ಯಾಸಲ್. ಕೀತ್ ತನಗಾಗಿ ಕಟ್ಟಿಸಿಕೊಂಡ ಬಂಗಲೆ, ಹೆಸರಿಗೆ ಕೋಟೆ. ವಾಸ್ತುಶಿಲ್ಪಿ ವಿಲಿಯಂ ಅಟ್ಕಿನ್ಸನ್. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೇನೆಯವರು ಇಲ್ಲಿದ್ದರು. 1954ರಿಂದ ಪೊಲೀಸ್ ತರಬೇತಿ ಕಾಲೇಜು. ಸುಮ್ನೆ ಒಳಗೆ ಹೋಗುವಂತಿಲ್ಲ, ಅದು ನ್ಯಾಯವೇ. ಗೇಟಿನಿಂದ ಮರಗಳ ಸಂದಿಯಲ್ಲಿ ಕಾಣುವಷ್ಟು ನೋಡಿದೆವು.

ಈ ಮನೆಯ ಕಲ್ಲಿಗೆ ದುಡ್ಡು ಎಲ್ಲಿಂದ ಬಂತು ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 1795ರಲ್ಲಿ ಡಚ್ಚರಿಂದ ಗುಡ್‌ಹೋಪ್ ಭೂಶಿರ ಕಿತ್ತುಕೊಂಡ, ಸೆಪ್ಟೆಂಬರ್ 16ಕ್ಕೆ ಅವರು ಶರಣಾದರು. ಅಲ್ಲಿಂದ ಮದರಾಸಿಗೂ ಬಂದುಹೋದ. ಟಿಪ್ಪು ಆಗಿನ್ನೂ ನಮ್ಮೂರಿನಲ್ಲಿ ಆಳುತ್ತಿದ್ದ. ವಾಪಸ್ ಹೋಗಿ 1796ರ ಆಗಸ್ಟ್ 17ರಂದು ಸಾಲ್ಡಾನ್ಹಾ ಕೊಲ್ಲಿಯಲ್ಲಿ ಡಚ್ಚರ ಇಡೀ ಹಡಗುಗುಂಪನ್ನು ಸುತ್ತುವರಿದ. ಯುದ್ಧವೇ ಇಲ್ಲದೆ ಅವರು ಒಪ್ಪಿಸಿದರು. ಯುದ್ಧವಿಲ್ಲದೆ ಗೆದ್ದದ್ದಕ್ಕೆ ಯಾರೂ ಲಾವಣಿ ಕಟ್ಟಲ್ಲ. ಆದರೆ ಹಡಗುಗಳಿಗೆ ತೂತು ಬಿದ್ದಿರಲಿಲ್ಲ, ಒಳ್ಳೆ ಬೆಲೆಯೇ ಬಂದಿರಬೇಕು ಅಂದುಕೊಂಡೆ.

1801ರ ಮಾರ್ಚ್ 8ರಂದು ಈಜಿಪ್ಟಿನ ಅಬೂಕಿರ್ ಕೊಲ್ಲಿಯಲ್ಲಿ ಫ್ರೆಂಚರ ಗುಂಡಿನ ಮಳೆಗೆ ಎದುರಾಗಿ ದಂಡನ್ನು ದಡ ಮುಟ್ಟಿಸಿದ್ದು ಇವನ ದೊಡ್ಡ ಕೆಲಸ. ಮೊದಲ ಸರದಿಯಲ್ಲೇ 5,000ಕ್ಕೂ ಹೆಚ್ಚು ಜನ, ಚಪ್ಪಟೆ ತಳದ ದೋಣಿಗಳ ಸಾಲು. ಟರ್ಕಿಯ ಒಂದು ಕೊಲ್ಲಿಯಲ್ಲಿ ವಾರಗಟ್ಟಲೆ ಇಳಿಯುವುದನ್ನು ಅಭ್ಯಾಸ ಮಾಡಿದ್ದರು. ದೋಣಿಗಳ ಮೇಲ್ವಿಚಾರಣೆ ಕಾಕ್ರನ್‌ನ ಚಿಕ್ಕಪ್ಪ ಅಲೆಕ್ಸಾಂಡರ್‌ದು. ಸೇನೆಯ ಜನರಲ್ ಅಬರ್‌ಕ್ರೋಂಬಿ ಇಲ್ಲಿಗೆ ಹತ್ತಿರದ ಟುಲ್ಲಿಬಾಡಿಯವನು. ಗಾಯಗೊಂಡ ಅವನು ಮಾರ್ಚ್ 28ರಂದು ಕೀತ್‌ನ ಹಡಗಿನಲ್ಲೇ ಪ್ರಾಣ ಬಿಟ್ಟ. ಒಂದೇ ಹೊಳೆಯ ದಡದವರು ನೈಲ್ ಬಾಯಿಯಲ್ಲಿ ಸೇರಿದ್ದರು. ಆಮೇಲೆ ಬಂದು ಸೇರಿದ್ದು ನಮ್ಮೂರಿನ ಹಳೇ ಕೈದಿ ಬೇರ್ಡ್.

ಸಂಜೆ ಹೊಳೆಯ ಕಡೆ ನಡೆದೆವು. ಎದುರು ದಡದಲ್ಲಿ ಏರ್ತ್, ಅದರಾಚೆ ನಿನ್ನೆ ನೋಡಿದ ಕಾಡು. ಅಮೆರಿಕ, ಆಫ್ರಿಕ, ಮದರಾಸು, ಈಜಿಪ್ಟು ಎಲ್ಲಾ ಸುತ್ತಿ ಬಂದವನು ಮನೆ ಕಟ್ಟಿಸಿದ್ದು ಎಲ್ಲಿ ನೋಡಿ, ಅಪ್ಪ ಮಾರಿದ ಮನೆಯ ಎದುರು ದಡದಲ್ಲಿ. 1823ರ ಮಾರ್ಚ್ 10ರಂದು ಸತ್ತದ್ದೂ ಇಲ್ಲೇ.

ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವಾಗ ಇವಳಿಗೆ ಇನ್ನೊಂದು ವಿಷಯ ಹೇಳಿದೆ. ಈ ಫ್ಲಾಸ್ಕ್ ಇದೆಯಲ್ಲ, ಇದನ್ನು ಕಂಡುಹಿಡಿದ ಜೇಮ್ಸ್ ಡ್ಯುವಾರ್ 1842ರಲ್ಲಿ ಹುಟ್ಟಿದ್ದು ಇದೇ ಕಿಂಕಾರ್ಡಿನ್‌ನಲ್ಲಿ. ಪೇಟೆಂಟ್ ಮಾಡಿಸಲಿಲ್ಲ. ದುಡ್ಡು ಮಾಡಿಕೊಂಡವರು ಬೇರೆಯವರು. "ಹಾಗಾದ್ರೆ ಇವನನ್ನ ನೋಡೋಕೆ ಬರಬೇಕಿತ್ತು, ಆ ಬಡ್ಡಿ ಲೆಕ್ಕದವನನ್ನಲ್ಲ" ಅಂದಳು. ಕಾಫಿ ಇನ್ನೂ ಹೊಗೆಯಾಡುತ್ತಿತ್ತು.

ನಾಲ್ಕನೇ ದಿನ: ಡನ್ನಾಟರ್

ರೈಲು ಫೋರ್ತ್ ಸೇತುವೆ ದಾಟಿ ಉತ್ತರಕ್ಕೆ. ಹೊಲಗಳಲ್ಲಿ ಸಾಸಿವೆಯ ಹಾಗೆ ಹಳದಿ ಹೂ, ಬಲಗಡೆ ಸಮುದ್ರ. ಮಗನೂ ಬಂದಿದ್ದ. ಎರಡು ಗಂಟೆಗೂ ಮೇಲಿನ ದಾರಿ, ನೆಪೋಲಿಯನ್ ಕಥೆಗೆ ಸರಿಹೋಯಿತು.

ವಾಟರ್‌ಲೂ ಸೋತು 1815ರ ಜುಲೈ 15ರಂದು ನೆಪೋಲಿಯನ್ ಬೆಲ್ಲರೊಫಾನ್ ಹಡಗಿನಲ್ಲಿ ಶರಣಾದ. ಅದರ ಕ್ಯಾಪ್ಟನ್ ಮೈಟ್‌ಲೆಂಡ್, ಅವನೂ ಸ್ಕಾಟ್, ಅರ್ಲ್ ಒಬ್ಬನ ಮೊಮ್ಮಗ. ಹಡಗು ಪ್ಲಿಮತ್‌ಗೆ ಬಂತು. ಇಂಗ್ಲೆಂಡ್-ಫ್ರಾನ್ಸ್ ನಡುವಿನ ಕಡಲು ಕಾಯುವ ಚಾನೆಲ್ ಪಡೆಯ ಮುಖ್ಯಸ್ಥ ಯಾರು? ನಮ್ಮ ಕೀತ್, 69 ವರ್ಷದ ಮುದುಕ. ನೋಡಲು ಜನ ದೋಣಿ ಬಾಡಿಗೆಗೆ ಹಿಡಿದು ಜಾತ್ರೆಯ ಹಾಗೆ ಮುತ್ತಿದರು. ಕೀತ್‌ಗೆ ಮನಸ್ಸಿನಲ್ಲಿ ಒಂದು ಋಣ ಇತ್ತು. ಅವನ ಸೋದರನ ಮಗನೊಬ್ಬ ವಾಟರ್‌ಲೂಗೆ ಹಿಂದಿನ ದಿನ ಗಾಯಗೊಂಡು ಫ್ರೆಂಚರಿಗೆ ಸಿಕ್ಕಿದಾಗ ಸ್ವತಃ ನೆಪೋಲಿಯನ್ನೇ ವೈದ್ಯರನ್ನು ಕರೆಸಿ, ದ್ರಾಕ್ಷಾರಸ ಕೊಡಿಸಿ ಉಪಚಾರ ಮಾಡಿಸಿದ್ದ. ಕೀತ್ ಅದಕ್ಕೆ ಧನ್ಯವಾದ ಹೇಳಿದ. ಜುಲೈ 31ರಂದು ಅದೇ ಕೀತ್ ಹೋಗಿ, ನಿನ್ನನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ಕಳಿಸುತ್ತಾರೆ ಅಂತಲೂ ಹೇಳಬೇಕಾಯಿತು. ಈ ಮನುಷ್ಯನಿಗೆ ನಮ್ಮ ಯುವರಾಜನ ಭೇಟಿ ಸಿಕ್ಕಿದ್ದರೆ ಅರ್ಧ ಗಂಟೆಯಲ್ಲಿ ಇಬ್ಬರೂ ಜೀವದ ಗೆಳೆಯರಾಗಿಬಿಡುತ್ತಿದ್ದರು ಅಂತ ಗೊಣಗಿದನಂತೆ.

ಆಮೇಲಿನದು ಪಕ್ಕಾ ನಾಟಕ. ಲಂಡನ್ನಿನಿಂದ ಒಬ್ಬ ಕೋರ್ಟಿನ ಸಮನ್ಸ್ ಹಿಡಿದು ಬಂದ. ಹೀಗೆ ಬಂದವನ ಮೇಲೇ ಒಂದು ಮಾನನಷ್ಟದ ಕೇಸು, ಹಾಕಿದವನು ಅದೇ ಅಲೆಕ್ಸಾಂಡರ್ ಕಾಕ್ರನ್. ತನ್ನ ಪರವಾಗಿ ನೆಪೋಲಿಯನ್ ಬಂದು ಸಾಕ್ಷಿ ಹೇಳಬೇಕು ಅಂತ ಅವನ ವಾದ! ಸಮನ್ಸ್ ಕೀತ್‌ನ ಕೈಗೆ ಮುಟ್ಟಿದರೆ ಕಾನೂನಿನ ಪ್ರಕಾರ ಕೈದಿಯನ್ನು ಹಾಜರುಪಡಿಸಬೇಕಾಗುತ್ತದೋ ಏನೋ. ಕೈಗೇ ಸಿಗಬಾರದು. ಸರಿ, ಅಡ್ಮಿರಲ್ ಓಡಿದ. ಮನೆ ಬಿಟ್ಟು ಹಡಗಿಗೆ, ಆ ಹಡಗು ಬಿಟ್ಟು ಇನ್ನೊಂದಕ್ಕೆ. ಹಿಂದಿನಿಂದ ದೋಣಿಯಲ್ಲಿ ಸಮನ್ಸಿನವನು. ಬೆಲ್ಲರೊಫಾನ್ ಲಂಗರು ಎತ್ತಿ ಬಂದರಿನಿಂದಾಚೆ ಹೋಯಿತು. ಆಗಸ್ಟ್ 7ರಂದು ನೆಪೋಲಿಯನ್‌ನನ್ನು ನಾರ್ಥಂಬರ್‌ಲೆಂಡ್ ಹಡಗಿಗೆ ದಾಟಿಸಿ ಕಳಿಸಿದರು. ಜಾರಿದಾರನನ್ನು ಕಂಡು ಹಿತ್ತಲ ಬಾಗಿಲಿಂದ ಹೋಗುವವರನ್ನು ನಾನು ತಾಲ್ಲೂಕು ಕಚೇರಿಯಲ್ಲಿ ನೋಡಿದ್ದೇನೆ. ಮಗ ರೈಲಿನಲ್ಲಿ ಜೋರಾಗಿ ನಕ್ಕ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಕೀತ್‌ನ ಮೊದಲ ಹೆಂಡತಿ ಮದುವೆಯಾದ ಎರಡು ವರ್ಷಕ್ಕೆ ತೀರಿಕೊಂಡಿದ್ದಳು. 62ನೇ ವಯಸ್ಸಿನಲ್ಲಿ ಮತ್ತೆ ಮದುವೆಯಾದ ಹೆಸ್ಟರ್ ಥ್ರೇಲ್, ಇಂಗ್ಲಿಷ್ ನಿಘಂಟು ಬರೆದ ಡಾಕ್ಟರ್ ಜಾನ್ಸನ್ ಚಿಕ್ಕಂದಿನಲ್ಲಿ ಪಾಠ ಹೇಳಿ ಕ್ವೀನಿ ಅಂತ ಕರೆಯುತ್ತಿದ್ದ ಹುಡುಗಿ. ಮೊದಲ ಹೆಂಡತಿಯ ಒಬ್ಬಳೇ ಮಗಳು ಮಾರ್ಗರೆಟ್. ದೊಡ್ಡ ಆಸ್ತಿಯ ವಾರಸುದಾರಳು. ಅವಳು 1817ರಲ್ಲಿ ಯಾರನ್ನು ಮದುವೆಯಾದಳು ಗೊತ್ತಾ? ವಾಟರ್‌ಲೂನಲ್ಲಿ ನೆಪೋಲಿಯನ್‌ನ ಪಕ್ಕದಲ್ಲೇ ಇದ್ದ ಸಹಾಯಕ ಅಧಿಕಾರಿ ಕೌಂಟ್ ಫ್ಲಾಹೋನನ್ನು. ಅಪ್ಪ ಕುದ್ದುಹೋದ. ಮಗಳು ಕೇಳಲಿಲ್ಲ.

ಸ್ಟೋನ್‌ಹೇವನ್‌ನಲ್ಲಿ ಇಳಿದಾಗ ಬಿಸಿಲು. ಈ ಊರಿನಲ್ಲಿ ಮಾರ್ಸ್ ಚಾಕೊಲೇಟನ್ನು ಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯುತ್ತಾರೆ. ಮಗ ಕೊಡಿಸಿದ. ಒಂದು ಕಚ್ಚಿಗೆ ಸಾಕು ಅನಿಸಿತು. ಕಡಲಂಚಿನ ಹಾದಿಯಲ್ಲಿ ಮುಕ್ಕಾಲು ಗಂಟೆ ನಡೆದರೆ ಡನ್ನಾಟರ್ ಕೋಟೆ. ಮೂರು ಕಡೆ ಸಮುದ್ರ, ನಡುವೆ ಬಂಡೆ, ಬಂಡೆಯ ನೆತ್ತಿಗೆ ಕೋಟೆ. ಮೊದಲು ಪ್ರಪಾತಕ್ಕೆ ಇಳಿಯಬೇಕು, ಆಮೇಲೆ ಹತ್ತಬೇಕು. ಮೊಣಕಾಲು ಬೇಡ ಅಂದಿತು, ಆದರೂ ಹತ್ತಿದೆ. ಇದು ಕೀತ್‌ನ ಅಜ್ಜಿಯ ತವರಿನವರದು, ಅರ್ಲ್ ಮಾರಿಷಲ್‌ಗಳದು. 1651ರಲ್ಲಿ ಇಂಗ್ಲೆಂಡಿನ ಕ್ರಾಮ್‌ವೆಲ್‌ನ ದಂಡು ಮುತ್ತಿದಾಗ ಸ್ಕಾಟ್‌ಲೆಂಡಿನ ಕಿರೀಟ ಇಲ್ಲಿತ್ತು. ಪಾದ್ರಿಯ ಹೆಂಡತಿ ಗುಟ್ಟಾಗಿ ಸಾಗಿಸಿದಳು, ಕಿನೆಫ್ ಚರ್ಚಿನ ನೆಲದಡಿ ಹೂತಿಟ್ಟರು. ಹೀಗೆ ಕಾಪಾಡಿದ ಕೋಟೆ 1715ರ ಸ್ಟುವರ್ಟ್ ಪಕ್ಷದ ಬಂಡಾಯದಲ್ಲಿ ಕೈತಪ್ಪಿಹೋಯಿತು.

1797ರಲ್ಲಿ ನಮ್ಮವನಿಗೆ ಲಾರ್ಡ್ ಪದವಿ ಸಿಕ್ಕಾಗ ಅವನು ಆರಿಸಿಕೊಂಡ ಹೆಸರು: ಬ್ಯಾರನ್ ಕೀತ್ ಆಫ್ ಸ್ಟೋನ್‌ಹೇವನ್ ಮಾರಿಷಲ್. ಅಪ್ಪನ ಮನೆತನದ ಹೆಸರಲ್ಲ, ಎಲ್ಲ ಕಳೆದುಕೊಂಡ ತಾಯಿ ಕಡೆಯವರ ಹೆಸರು. ಬಂಡಾಯಗಾರರ ಮೊಮ್ಮಗ ಅದೇ ರಾಜಮನೆತನಕ್ಕೆ ದುಡಿದು, ಆ ಹೆಸರನ್ನು ಅವರ ಕೈಯಿಂದಲೇ ಬರೆಸಿಕೊಂಡ. ಬಿರುಸಾದ ಗಾಳಿಯಲ್ಲಿ, ಛಾವಣಿ ಇಲ್ಲದ ಆ ಅಂಗಳದಲ್ಲಿ ನಿಂತು ಇದನ್ನು ಯೋಚಿಸಿದಾಗ ಅವನ ಮೇಲೆ ನನಗಿದ್ದ ಲೆಕ್ಕ ಸ್ವಲ್ಪ ಬದಲಾಯಿತು. ಬರೀ ಕಾಸು ಎಣಿಸುವವನು ಕಳೆದ ಆಸ್ತಿಯ ಹೆಸರು ಕೇಳಲ್ಲ.

ವಾಪಸ್ ರೈಲು ಇಪ್ಪತ್ತು ನಿಮಿಷ ತಡ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಚಿಕ್ಕ ಪುಸ್ತಕ ತೆಗೆದು ಆ ದಿನದ ಖರ್ಚು ಬರೆದೆ. ರೈಲು ಟಿಕೆಟ್, ಕೋಟೆ ಟಿಕೆಟ್, ಚಾಕೊಲೇಟ್ ಬಜ್ಜಿ. "ಅಪ್ಪ, ಇಲ್ಲೂನಾ?" ಅಂದ ಮಗ. ಇವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕೊನೆಯ ಅರ್ಧ ಲೋಟ ನನಗೆ ಕೊಟ್ಟಳು. ಅದನ್ನೂ ಬರೆದೆ: ಕಾಫಿ, ಮನೆಯದು, ಸೊನ್ನೆ.